ರಾಜೀನಾಮೆ ಕೊಡದ ವರ್ಷ

ಹೋದ ತಿಂಗಳು ಜೊತೆಯಲ್ಲಿ ಕೆಲಸ ಮಾಡುವವರೊಬ್ಬರ ಮಗಳ ಮದುವೆಗೆಂದು ನಾವಿಬ್ಬರೂ ಗನ್ನವರಂಗೆ ಹೋಗಿದ್ದೆವು. ವಿಜಯವಾಡದ ಸ್ಟೇಷನ್ನಿನಲ್ಲಿ ಇಳಿದು ಆಟೋ ಹಿಡಿದರೆ, ಹೆದ್ದಾರಿಯಲ್ಲಿ ಏನೋ ಕೆಲಸ ನಡೆಯುತ್ತಿದೆ ಎಂದು ಡ್ರೈವರ್ ಒಳದಾರಿಗೆ ತಿರುಗಿಸಿದ. ಎರಡೂ ಕಡೆ ತಗಡಿನ ಶೆಡ್ಡುಗಳು. ಬಿಸಿಗಾಳಿಯ ಜೊತೆ ಹೊಲಿಗೆ ಯಂತ್ರದ ಎಣ್ಣೆಯ ವಾಸನೆ ಮುಖಕ್ಕೆ ಬಡಿಯಿತು. ಪಕ್ಕದಲ್ಲಿದ್ದ ನಮ್ಮನೆಯವರು ಉಡುಗೊರೆಯ ಬಗ್ಗೆ ಏನೋ ಕೇಳುತ್ತಿದ್ದರು, ನನ್ನ ಕಿವಿಗೆ ಬೀಳಲಿಲ್ಲ. ನನ್ನ ಬಲಗಾಲು ತನ್ನಷ್ಟಕ್ಕೆ ತಾನೇ ಅಲ್ಲಾಡತೊಡಗಿತ್ತು. ನಾನು ಕೆಲಸ ಕಳೆದುಕೊಂಡ ವರ್ಷವಿಡೀ ಅದು ಹಾಗೇ ಅಲ್ಲಾಡುತ್ತಿತ್ತು, ಕೂತಲ್ಲಿ, ಊಟಕ್ಕೆ ಕೂತಾಗ, ಹಾಸಿಗೆಯಲ್ಲೂ.

ನಾನು ದಾವಣಗೆರೆಯವಳು. ಮದುವೆಯಾಗಿ ಬಂದದ್ದು ವಿಶಾಖಪಟ್ಟಣಕ್ಕೆ. ನಮ್ಮನೆಯವರು ಮಂಜುನಾಥ ಬಂದರಿನಲ್ಲಿ ಒಬ್ಬ ಏಜೆಂಟರ ಕೈಕೆಳಗೆ ಕಂಟೇನರುಗಳ ಲೆಕ್ಕ ಬರೆಯುತ್ತಿದ್ದರು. ಸಂಜೆ ಮನೆಗೆ ಬಂದರೆ ಅಂಗಿಯ ಕಾಲರಿನಲ್ಲಿ ಕಲ್ಲಿದ್ದಲ ಪುಡಿ. ಬಾಡಿಗೆ ಕಡಿಮೆಯೆಂದು ಪೆಂಡುರ್ತಿಯಲ್ಲಿ ಮನೆ ಮಾಡಿದ್ದೆವು. ಮಗಳು ಕಾವ್ಯ ಅಂಗನವಾಡಿಗೆ ಹೋಗತೊಡಗಿದ ಮೇಲೆ ನಾನು ಹತ್ತಿರದ ಔಷಧಿ ಕಾರ್ಖಾನೆಯ ಪ್ಯಾಕಿಂಗ್ ವಿಭಾಗಕ್ಕೆ ಸೇರಿಕೊಂಡೆ. ಬೆಲ್ಟಿನ ಮೇಲೆ ಹರಿದು ಬರುವ ಮಾತ್ರೆ ಪಟ್ಟಿಗಳಲ್ಲಿ ಒಂದು ಗುಳಿ ಖಾಲಿಯಿದ್ದರೂ ಅದನ್ನೆತ್ತಿ ಪಕ್ಕಕ್ಕೆ ಹಾಕಬೇಕು, ಅಷ್ಟೇ ಕೆಲಸ. ಆದರೆ ಆ ಬೆಲ್ಟಿನ ಎರಡೂ ಬದಿಗೆ ನಿಂತ ಹೆಂಗಸರೇ ನನಗೆ ಊರಾದರು. ನನ್ನ ಎದುರಿಗೆ ನಿಲ್ಲುತ್ತಿದ್ದವಳು ಅಪ್ಪಲನರ್ಸಮ್ಮ. ನಾನು ಆಡುವ ತೆಲುಗೆಲ್ಲ ಅವಳು ಕಲಿಸಿದ್ದು. ನನ್ನನ್ನು ಅತ್ತಿಗೆ ಎನ್ನುವ ಹಾಗೆ "ವದಿನಾ" ಎಂದೇ ಕರೆಯುತ್ತಿದ್ದಳು. ಅವಳ ಗಂಡ ಸಿಂಹಾಚಲಂಗೆ ಹೃದಯದ ಕವಾಟದ ತೊಂದರೆ. ನಮ್ಮ ಸಂಬಳದಲ್ಲಿ ಹಿಡಿಯುತ್ತಿದ್ದ ವಿಮೆಯ ಕಾರ್ಡಿನಿಂದಲೇ ಅವನಿಗೆ ಔಷಧೋಪಚಾರ ನಡೆಯುತ್ತಿತ್ತು.

ಹೊರದೇಶದ ಆರ್ಡರುಗಳೆಲ್ಲ ನಿಂತುಹೋದ ವರ್ಷ ಅದು. ಮೊದಲು ಓವರ್‌ಟೈಮ್ ಹೋಯಿತು, ಆಮೇಲೆ ಎರಡನೇ ಪಾಳಿ. ದೀಪಾವಳಿ ಮುಗಿದು ಸಮುದ್ರದ ಕಡೆಯಿಂದ ವಾಯುಭಾರ ಕುಸಿತದ ಮಳೆ ಹಿಡಿದಿದ್ದ ಒಂದು ಬೆಳಿಗ್ಗೆ ಬೆಲ್ಟು ಹೊರಡಲೇ ಇಲ್ಲ. ಎಲ್ಲರನ್ನೂ ಕ್ಯಾಂಟೀನಿಗೆ ಕರೆದರು. ಮ್ಯಾನೇಜರು ಒಳ್ಳೆಯ ಮಾತುಗಳಲ್ಲೇ ಹೇಳಿದರು, ಈ ಘಟಕ ಮುಚ್ಚುತ್ತಿದೆ, ಯಾರಿಗೂ ಮೋಸವಾಗುವುದಿಲ್ಲ, ಟೇಬಲ್ಲಿನ ಮೇಲಿರುವ ಕಾಗದಕ್ಕೆ ಸಹಿ ಮಾಡಿದವರಿಗೆ ಲೆಕ್ಕ ಬೇಗ ಚುಕ್ತಾ ಆಗುತ್ತದೆ ಎಂದು. ಅದರಲ್ಲಿದ್ದದ್ದು ಎರಡೇ ಸಾಲು: ನಾನು ನನ್ನ ಸ್ವಂತ ಇಚ್ಛೆಯಿಂದ ಕೆಲಸ ಬಿಡುತ್ತಿದ್ದೇನೆ. ಹೆಂಗಸರು ಒಬ್ಬೊಬ್ಬರಾಗಿ ಹೋಗಿ ಸಹಿ ಹಾಕಿದರು. ನನ್ನ ಸರದಿ ಬರುವಷ್ಟರಲ್ಲಿ ಅಪ್ಪಲನರ್ಸಮ್ಮ ನನ್ನ ಸೆರಗು ಹಿಡಿದೆಳೆದಳು. ನಾಳೆ ಹಾಕಿದರಾಯಿತು, ಇವತ್ತು ನನ್ನ ಜೊತೆ ಬಾ ಎಂದಳು.

ಹಿಂದಿನ ವಾರವಷ್ಟೇ ಗಂಡನನ್ನು ವಿಮೆಯ ಆಸ್ಪತ್ರೆಗೆ ಕರೆದುಕೊಂಡು ಹೋದಾಗ, ಕಾರ್ಖಾನೆಯಲ್ಲಿ ಪಾಳಿ ನಿಂತ ಸುದ್ದಿ ಕೇಳಿ ಅಲ್ಲಿನ ಕೌಂಟರಿನ ಹೆಂಗಸು ಅವಳಿಗೊಂದು ಮಾತು ಹೇಳಿದ್ದಳಂತೆ. ನಾವಾಗಿ ಬಿಟ್ಟರೆ ಕಾರ್ಡು ಅಲ್ಲಿಗೇ ಮುಗಿಯುತ್ತದೆ. ಅವರಾಗಿ ತೆಗೆದರೆ, ಐದು ವರ್ಷ ವಿಮೆ ಕಟ್ಟಿದವರಿಗೆ ಕೆಲವು ತಿಂಗಳು ನಿರುದ್ಯೋಗ ಭತ್ಯೆ ಸಿಗುತ್ತದೆ, ಅಲ್ಲಿಯವರೆಗೆ ಮನೆಯವರ ಚಿಕಿತ್ಸೆಯೂ ನಡೆಯುತ್ತದೆ. ಹೊಸ ಯೋಜನೆ, ಹೆಚ್ಚಿನವರಿಗೆ ಗೊತ್ತಿಲ್ಲ. ನಾವಿಬ್ಬರೂ ಮಳೆಯಲ್ಲೇ ವಿಮೆ ಕಚೇರಿಗೆ ಹೋಗಿ ಕೇಳಿದೆವು. ಹೌದು ಎಂದರು. ಸಿಂಹಾಚಲಂಗೆ ಬೇಸಿಗೆಯೊಳಗೆ ಆಪರೇಷನ್ ಆಗಬೇಕೆಂದು ಡಾಕ್ಟರು ಹೇಳಿಯಾಗಿತ್ತು. ಹಿಂದಿರುಗುವಾಗ ಬಸ್ಸಿನಲ್ಲಿ ಅಪ್ಪಲನರ್ಸಮ್ಮ ಒದ್ದೆ ಸೆರಗನ್ನು ಹಿಂಡುತ್ತ ಕೂತಿದ್ದಳು.

ನಾವಿಬ್ಬರೂ ಸಹಿ ಹಾಕುವುದಿಲ್ಲ ಎಂದಾಗ ಮ್ಯಾನೇಜರು ಸಿಟ್ಟಾಗಲಿಲ್ಲ. ಹಾಗಾದರೆ ಎಲ್ಲರ ಲೆಕ್ಕವೂ ನಿಲ್ಲುತ್ತದೆ, ಎಲ್ಲರೂ ಸಹಿ ಮಾಡಿದರೆ ಮಾತ್ರ ಮೇಲಿನವರು ಒಪ್ಪುತ್ತಾರೆ ಎಂದರು. ಅಲ್ಲಿಂದ ನನ್ನ ನೆಮ್ಮದಿ ಹೋಯಿತು. ಕೆಲಸವೂ ಇಲ್ಲ, ಬಿಟ್ಟದ್ದೂ ಅಲ್ಲ. ಪಾತ್ರೆ ತೊಳೆದದ್ದನ್ನೇ ಮತ್ತೆ ತೊಳೆಯುತ್ತಿದ್ದೆ. ಕಾವ್ಯಳ ಜಡೆ ಬಿಚ್ಚಿ ಮತ್ತೆ ಹಾಕುತ್ತಿದ್ದೆ. ಅವಳು ತೆಲುಗಿನಲ್ಲಿ ಬೈಯುತ್ತಿದ್ದಳು. ಅವಳಿಗೆ ಸಿಟ್ಟು ಬಂದರೆ ಕನ್ನಡ ಬರುತ್ತಿರಲಿಲ್ಲ. ನನ್ನ ಈ ಪಾಡು ನೋಡಲಾರದೆ ನಮ್ಮನೆಯವರು ನನಗೆ ತಿಳಿಸದೆ ದಾವಣಗೆರೆಗೆ ಫೋನ್ ಮಾಡಿದರು. ಒಂದು ವಾರದೊಳಗೆ ಅಪ್ಪ ಒಂದು ಕೈಚೀಲ ಹಿಡಿದು ಬಂದಿಳಿದ.

ಅಪ್ಪನ ಬಗ್ಗೆ ಹೇಳಬೇಕು. ಅವನು ನಮ್ಮೂರಿನ ಬಟ್ಟೆ ಮಿಲ್ಲಿನ ನೂಲುವ ಖಾತೆಯಲ್ಲಿ ಆಳುಗಳನ್ನು ನೋಡಿಕೊಳ್ಳುವ ಜಾಬರ್ ಆಗಿದ್ದ. ನಾನು ಹೈಸ್ಕೂಲಿನಲ್ಲಿದ್ದಾಗ ಮಿಲ್ಲು ಮುಚ್ಚಿತು. ಆಮೇಲೂ ವರ್ಷಗಟ್ಟಲೆ ಅಪ್ಪ ಬೆಳಿಗ್ಗೆ ಸ್ನಾನ ಮಾಡಿ, ಖಾಕಿ ಅಂಗಿ ಹಾಕಿಕೊಂಡು ಮಿಲ್ಲಿನ ಗೇಟಿಗೆ ಹೋಗುತ್ತಿದ್ದ. ಇವತ್ತು ತೆಗೀತಾರಂತೆ, ಹಬ್ಬ ಕಳೆದ ಮೇಲೆ ತೆಗೀತಾರಂತೆ ಎಂಬ ಸುದ್ದಿ ಹೊತ್ತು ಮಧ್ಯಾಹ್ನ ಊಟಕ್ಕೆ ಬರುತ್ತಿದ್ದ. ಅವ್ವ ಬೀಡಿ ಕಟ್ಟಿ ಮನೆ ನಡೆಸಿದಳು. ಅಪ್ಪ ಆ ದಿನಗಳ ಬಗ್ಗೆ ಎಂದೂ ಬಾಯಿಬಿಟ್ಟವನಲ್ಲ, ನಾವೂ ಕೇಳಿದವರಲ್ಲ. ಈಗ ಪೆಂಡುರ್ತಿಯ ಮನೆಯಲ್ಲೂ ಅವನು ನನ್ನ ಕೆಲಸದ ವಿಷಯ ಎತ್ತಲಿಲ್ಲ. ಮೊಮ್ಮಗಳನ್ನು ಸ್ಕೂಲಿಗೆ ಬಿಟ್ಟು ಬರುವುದು, ಸೋರುವ ನಲ್ಲಿಗೆ ವಾಷರ್ ಹಾಕುವುದು, ಹೀಗೆ ಏನಾದರೂ ಹಚ್ಚಿಕೊಂಡಿರುತ್ತಿದ್ದ.

ಒಂದು ಭಾನುವಾರ ಸಂಜೆ ಬೆಲ್ಟಿನ ಹೆಂಗಸರು ನಮ್ಮ ಮನೆಗೆ ಬಂದರು. ಹೊರಗೆ ಮಳೆ. ಮುಂದಿನ ಕೋಣೆಯಲ್ಲಿ ಕೂರಲು ಜಾಗ ಸಾಲದೆ ಕೆಲವರು ಬಾಗಿಲಲ್ಲೇ ನಿಂತರು. ಅಪ್ಪಲನರ್ಸಮ್ಮಳ ಮನೆಗೆ ಮೊದಲು ಹೋಗಿದ್ದರಂತೆ. ವದಿನಾ ಹಾಕಿದರೆ ನಾನೂ ಹಾಕುತ್ತೇನೆ ಎಂದು ಅವಳು ಹೇಳಿ ಕಳಿಸಿದ್ದಳು. ಅವಳ ಗಂಡನ ಜೀವದ ಪ್ರಶ್ನೆಯನ್ನು ನನ್ನ ಕೈಗೆ ಏಕೆ ಕೊಟ್ಟಳೋ ನನಗೆ ಅರ್ಥವಾಗಲಿಲ್ಲ. ಬಹುಶಃ ಅಷ್ಟು ಜನರೆದುರು ಒಬ್ಬಳೇ ಇಲ್ಲ ಎನ್ನುವ ಶಕ್ತಿ ಅವಳಲ್ಲಿ ಉಳಿದಿರಲಿಲ್ಲ.

ಎಲ್ಲರ ಪರವಾಗಿ ಮಾತಾಡಿದ್ದು ಪದ್ಮ. ನಮ್ಮಲ್ಲೆಲ್ಲ ಚಿಕ್ಕವಳು, ಕೆಲಸಕ್ಕೆ ಸೇರಿ ಎರಡು ವರ್ಷವೂ ಆಗಿರಲಿಲ್ಲ. ಮಾಘದಲ್ಲಿ ಅವಳ ಮದುವೆ ನಿಶ್ಚಯವಾಗಿತ್ತು.

"ಆ ಭತ್ಯೆ ನಿಮಗೆ ಬರುತ್ತೆ ಅಕ್ಕಾ, ನನಗೆ ಬರಲ್ಲ," ಎಂದಳು. "ನನಗೆ ಬರೋದು ಈ ಲೆಕ್ಕದ ಹಣ ಒಂದೇ. ಅದೂ ನಿಂತರೆ ನನ್ನ ಮದುವೆ ನಿಲ್ಲುತ್ತೆ."

ಅವಳು ಅಳಲಿಲ್ಲ, ಕೂಗಾಡಲಿಲ್ಲ. ಅದಕ್ಕೇ ನನಗೆ ತಡೆಯಲಾಗಲಿಲ್ಲ. ಅವರು ಕಾಗದವನ್ನೂ ತಂದಿದ್ದರು. ನಾನು ಪೆನ್ನು ಕೈಗೆ ತೆಗೆದುಕೊಂಡೆ.

ಮೂಲೆಯಲ್ಲಿ ಅಪ್ಪ ಕಾವ್ಯಳನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದ. ಅವನಿಗೆ ತೆಲುಗು ಬಾರದು. ಕಾವ್ಯ ಅವನ ಕಿವಿಯಲ್ಲಿ ತನಗೆ ಬಂದಷ್ಟು ಕನ್ನಡದಲ್ಲಿ ಹೇಳುತ್ತಿದ್ದಳು: ಆ ಅಕ್ಕನ ಪೆಳ್ಳಿ ಆಗಲ್ವಂತೆ ತಾತ, ಅಮ್ಮ ಸಹಿ ಹಾಕಬೇಕಂತೆ. ಅಪ್ಪ ಮಗುವನ್ನು ಕೆಳಗಿಳಿಸಿದ.

"ಹಾಕಬ್ಯಾಡ ಗಿರಿಜವ್ವ," ಎಂದ. "ನಾ ಹಾಕಿದ್ದೆ."

ನಾನು ತಿರುಗಿ ನೋಡಿದೆ. ಅವನು ನನ್ನನ್ನಲ್ಲ, ನೆಲವನ್ನು ನೋಡುತ್ತಿದ್ದ.

"ಮಿಲ್ಲು ಮತ್ತೆ ತೆಗೆದಾಗ ನಿಮ್ಮನ್ನೇ ಮೊದಲು ಕರೀತೀವಿ ಅಂದ್ರು. ಹಂಗಂತ ಬರಕೊಡ್ಲಿಲ್ಲ. ನಾವಾಗೇ ಬಿಟ್ಟೀವಿ ಅಂತ ಮಾತ್ರ ಬರಸ್ಕಂಡ್ರು. ಆಮ್ಯಾಲೆ ಎಲ್ಲಿಗೆ ಹೋಗಿ ಕೇಳಿದ್ರೂ ಅದನ್ನೇ ತೋರಿಸೋರು. ಅದಕ್ಕೇ ನಾ ಗೇಟಿಗೆ ಹೋಗಿ ನಿಲ್ತಿದ್ದೆ. ಬ್ಯಾರೆ ಎಲ್ಲಿ ಹೋಗಿ ನಿಲ್ಲಾಕೂ ಜಾಗ ಇರಲಿಲ್ಲ."

ಬಂದಿದ್ದ ಹೆಂಗಸರಿಗೆ ಆ ಮಾತು ತಿಳಿಯಲಿಲ್ಲ. ನಾನು ಪೆನ್ನು ಕೆಳಗಿಟ್ಟು ಪದ್ಮಳಿಗೆ ಹೇಳಿದೆ: ನಾಳೆ ಕಾರ್ಮಿಕ ಅಧಿಕಾರಿಯ ಹತ್ತಿರ ಹೋಗುತ್ತೇವೆ, ನೀನೂ ಬಾ, ನಿನ್ನ ಲೆಕ್ಕ ನಿಲ್ಲದ ಹಾಗೆ ಕೇಳೋಣ. ಅವಳು ಚಪ್ಪಲಿ ಮೆಟ್ಟಿ ಮಳೆಯಲ್ಲಿ ಇಳಿದು ಹೋದಳು.

ಮಾರನೆಯ ದಿನ ಅಪ್ಪಲನರ್ಸಮ್ಮ, ನಾನು ಇಬ್ಬರೇ ಹೋದೆವು. ಅಧಿಕಾರಿ ವಿಷಯವನ್ನೆಲ್ಲ ಕೇಳಿ ಮ್ಯಾನೇಜರನ್ನು ಕರೆಸಿದರು. ಮಾತುಕತೆ ಒಂದೇ ದಿನಕ್ಕೆ ಮುಗಿಯಲಿಲ್ಲ. ಹಲವು ಸಲ ಓಡಾಡಿದ ಮೇಲೆ ಕಂಪನಿ ಸಹಿಗಳನ್ನೆಲ್ಲ ಬದಿಗಿಟ್ಟು ಎಲ್ಲರಿಗೂ ತಾನೇ ತೆಗೆದಿರುವುದಾಗಿ ನೋಟಿಸು ಕೊಟ್ಟಿತು, ಅದರ ಲೆಕ್ಕ ಕೊಡಲೂ ಒಪ್ಪಿತು. ಹಣ ಬೇಗನೆ ಬರಲಿಲ್ಲ. ಪದ್ಮಳ ಮದುವೆ ಮಾಘದಿಂದ ವೈಶಾಖಕ್ಕೆ ಹೋಯಿತು. ನಿಲ್ಲಲಿಲ್ಲ. ಬೆಲ್ಟಿನ ಹೆಂಗಸರನ್ನೆಲ್ಲ ಕರೆದಳು, ನಮ್ಮಿಬ್ಬರನ್ನು ಬಿಟ್ಟು.

ವಿಮೆ ಕಚೇರಿಗೆ ಅರ್ಜಿ ಕೊಡಲು ಹೋದಾಗ ಅಪ್ಪ ತಾನೂ ಬರುತ್ತೇನೆಂದು ಹೊರಟ. ಅಪ್ಪಲನರ್ಸಮ್ಮ, ನಾನು, ಅಪ್ಪ, ಮೂವರೂ ಬೆಂಚಿನ ಮೇಲೆ ಕೂತೆವು. ಕಂಪನಿಯ ಪ್ರಮಾಣಪತ್ರದಲ್ಲಿ ಒಂದು ಮೊಹರಿಲ್ಲ ಎಂದು ಒಂದು ಸಲ, ಬ್ಯಾಂಕ್ ಖಾತೆಯಲ್ಲಿ ಹೆಸರು ಬೇರೆ ಥರ ಇದೆ ಎಂದು ಇನ್ನೊಂದು ಸಲ ಹಿಂದಿರುಗಿದೆವು. ಅಲ್ಲಿನ ಗುಮಾಸ್ತರು ವಯಸ್ಸಾದವರು, ಒರಟು ಮನುಷ್ಯರಲ್ಲ. ಪ್ರತಿ ತಿಂಗಳೂ ಬಂದು ಎಲ್ಲೂ ಕೆಲಸದಲ್ಲಿಲ್ಲ ಎಂದು ಬರೆದುಕೊಡಬೇಕಮ್ಮಾ, ಉದ್ಯೋಗ ವಿನಿಮಯ ಕಚೇರಿಯಲ್ಲಿ ಹೆಸರು ಬರೆಸಿ, ತರಬೇತಿಗೆ ಕರೆದರೆ ಹೋಗಿ, ಕೆಲಸ ಸಿಕ್ಕ ದಿನವೇ ತಿಳಿಸಿ ಎಂದು ವಿವರಿಸಿದರು. ಅಪ್ಪ ಪ್ರತಿ ಮಾತಿಗೂ ನನ್ನ ಕಡೆ ತಿರುಗಿ, ಏನಂದ್ರು, ಏನಂದ್ರು ಎಂದು ಕೇಳುತ್ತಿದ್ದ. ಎಲ್ಲ ಕೇಳಿ ಆದ ಮೇಲೆ, ಬರೀ ರೊಕ್ಕಕ್ಕಲ್ಲ, ಮುಂದೇನು ಮಾಡ್ತೀಯ ಅಂತಾನೂ ಕೇಳ್ತಾರಲ್ಲ ಎಂದು ಬೆರಗಾದ.

ಆ ಮಾತೇ ನನ್ನನ್ನು ಚುಚ್ಚುತ್ತಿತ್ತು. ಮುಂದೇನು ಮಾಡುತ್ತೇನೆ? ಚಳಿಗಾಲವೆಲ್ಲ ಕೆಲಸ ಹುಡುಕಿದೆ. ಒಂದು ಔಷಧಿ ಕಂಪನಿಯಲ್ಲಿ ಇಪ್ಪತ್ತೈದು ದಾಟಿದವರು ಬೇಡ ಎಂದರು. ಬಂದರಿನ ಹತ್ತಿರದ ಒಂದು ಗೋದಾಮಿನಲ್ಲಿ, ನೀವು ಕರ್ನಾಟಕದವರು, ಇವತ್ತಲ್ಲ ನಾಳೆ ಊರಿಗೆ ಹೋಗ್ತೀರಿ ಎಂದರು. ಇನ್ನೊಂದು ಕಡೆ ಹೆಸರು ಬರೆದುಕೊಂಡು, ಕರೀತೀವಿ ಎಂದರು. ಅವರು ಕರೆಯುವುದಿಲ್ಲವೆಂದು ಗೊತ್ತಿದ್ದೂ ಫೋನ್ ಮೊರೆದರೆ ಒಲೆಯ ಮುಂದಿನಿಂದ ಓಡುತ್ತಿದ್ದೆ. ಭತ್ಯೆ ಬ್ಯಾಂಕಿಗೆ ಬರತೊಡಗಿದಾಗ ನೆಮ್ಮದಿಯಾಗುತ್ತದೆ ಎಂದುಕೊಂಡಿದ್ದೆ. ಆಗಲಿಲ್ಲ. ಬೆಲ್ಟಿನೆದುರು ನಿಂತು ಅಭ್ಯಾಸವಾದ ಕಣ್ಣು ಎಲ್ಲಿ ನೋಡಿದರೂ ಏನನ್ನೋ ಹುಡುಕುತ್ತಿತ್ತು. ನಮ್ಮನೆಯವರು, ಸಾಕು ಬಿಡು, ಇರೋದರಲ್ಲೇ ನಡೆಯುತ್ತೆ, ಮನೇಲಿರು ಎಂದರು. ಪ್ರೀತಿಯಿಂದಲೇ ಹೇಳಿದ್ದು. ನಾನು ಅವರ ಮೇಲೆ ಹರಿಹಾಯ್ದೆ.

ಒಂದು ಬೆಳಿಗ್ಗೆ ಹಾಲು ತರಲು ಹೊರಟವಳು ಪಾಳಿಯ ಹೊತ್ತಿಗೆ ಬರುವ ಬಸ್ಸು ಕಂಡು ಹತ್ತಿಬಿಟ್ಟೆ. ಕಾರ್ಖಾನೆಯ ಗೇಟಿಗೆ ಬೀಗ ಬಿದ್ದಿತ್ತು. ಕಂಬಿಗಳ ನಡುವಿನಿಂದ ಒಳಗೆ ಬೆಳೆದ ಹುಲ್ಲು ಕಾಣಿಸುತ್ತಿತ್ತು. ಎಷ್ಟು ಹೊತ್ತು ನಿಂತಿದ್ದೆನೋ, ಕಾವಲುಗಾರ ಬಂದು ಏನು ಬೇಕಮ್ಮಾ ಎಂದಾಗ ಎಚ್ಚರವಾಯಿತು. ಮನೆಗೆ ಬಂದು, ಎಲ್ಲಿಗೆ ಹೋಗಿದ್ದೆ ಎಂದು ಅಪ್ಪನಿಗೆ ಹೇಳಿದೆ. ಅವನು ಸೊಪ್ಪು ಬಿಡಿಸುತ್ತಿದ್ದ.

"ಗೇಟಿನ ಎದುರು ಚಾದಂಗಡಿ ಐತಾ?" ಎಂದು ಕೇಳಿದ.

"ಇಲ್ಲ."

"ಚಲೋ ಆತು. ಇದ್ದಿದ್ರೆ ನೀ ನಾಳೆನೂ ಹೋಗ್ತಿದ್ದೆ."

ಇಬ್ಬರಿಗೂ ನಗು ಬಂತು. ಆ ವರ್ಷ ನಾನು ಮನಸಾರೆ ನಕ್ಕದ್ದು ಅವತ್ತೇ ಇರಬೇಕು.

ಯುಗಾದಿಯ ಹೊತ್ತಿಗೆ ವಿಮೆ ಕಚೇರಿಯಿಂದ ತರಬೇತಿಯ ಕರೆ ಬಂತು. ವಿಜಯವಾಡದಲ್ಲಿ, ಗನ್ನವರಂ ದಾರಿಯ ಒಂದು ಕೇಂದ್ರದಲ್ಲಿ. ಟೈಲರಿಂಗ್ ಇತ್ತು, ಕಂಪ್ಯೂಟರ್ ಇತ್ತು, ಕಾರ್ಖಾನೆಯ ಹೊಲಿಗೆ ಯಂತ್ರಗಳ ರಿಪೇರಿಯೂ ಇತ್ತು. ಅನಕಾಪಲ್ಲಿ ಕಡೆ ಗಾರ್ಮೆಂಟ್ ಫ್ಯಾಕ್ಟರಿಗಳು ಬರುತ್ತಿವೆ ಎಂದು ಕೇಳಿದ್ದೆ. ನಾನು ರಿಪೇರಿ ಬರೆಸಿದೆ. ಅದಕ್ಕೆ ಗಂಡಸರೇ ಬರೋದಮ್ಮಾ ಎಂದರು ಗುಮಾಸ್ತರು. ಹೆಂಗಸರು ಬರಬಾರದೆಂದು ಇದೆಯೇ ಎಂದೆ. ಅವರು ಕನ್ನಡಕ ಸರಿಮಾಡಿಕೊಂಡು ಆದೇಶವನ್ನು ಪೂರ್ತಿ ಓದಿ, ಇಲ್ಲ ಎಂದು ನನ್ನ ಹೆಸರು ಬರೆದುಕೊಂಡರು. ಅಪ್ಪಲನರ್ಸಮ್ಮಳಿಗೂ ಕರೆ ಬಂದಿತ್ತು, ಆದರೆ ಸಿಂಹಾಚಲಂನ ಆಪರೇಷನ್ ಆ ತಿಂಗಳೇ ಗೊತ್ತಾಗಿತ್ತು. ನೀನು ಹೋಗು ವದಿನಾ, ಇಲ್ಲಿ ಇಬ್ಬರೂ ಕೂತು ಏನು ಮಾಡುವುದು ಎಂದಳು.

ಮನೆಯಲ್ಲಿ ಒಪ್ಪಿಸುವುದು ಅಷ್ಟು ಸುಲಭವಾಗಲಿಲ್ಲ. ಮಗುವನ್ನು ಬಿಟ್ಟು ಮೂರು ತಿಂಗಳು ಹೇಗೆ ಎಂದರು ನಮ್ಮನೆಯವರು. ಅಪ್ಪ ನಡುವೆ ಬಾಯಿ ಹಾಕಿ, ಅಲ್ಲಿವರೆಗೂ ನಾ ಎಲ್ಲಿಗೂ ಹೋಗಲ್ಲ ಬಿಡಪ್ಪ ಎಂದ. ಅಷ್ಟೇ.

ವಿಜಯವಾಡದ ಬೇಸಿಗೆಯನ್ನು ಅನುಭವಿಸಿದವರಿಗೇ ಗೊತ್ತು. ವಿಶಾಖಪಟ್ಟಣದಲ್ಲಿ ಬೆವರು ಸುರಿದರೂ ಸಂಜೆಗೆ ಸಮುದ್ರದ ಗಾಳಿ ಬರುತ್ತದೆ. ಇಲ್ಲಿ ರಾತ್ರಿಯೂ ಗೋಡೆ ಬಿಸಿ. ತಗಡಿನ ಶೆಡ್ಡಿನಲ್ಲಿ ಯಂತ್ರಗಳ ಹೊಟ್ಟೆ ಬಿಚ್ಚಿಟ್ಟು ಕಲಿಸುತ್ತಿದ್ದರು. ಸೂಜಿ ಕೆಳಗಿಳಿಯುವ ಗಳಿಗೆಗೂ ಒಳಗಿನ ಕೊಕ್ಕೆ ತಿರುಗುವ ಗಳಿಗೆಗೂ ಕೂದಲೆಳೆ ವ್ಯತ್ಯಾಸವಾದರೂ ಹೊಲಿಗೆ ತಪ್ಪುತ್ತದೆ. ಮೊದಲ ವಾರಗಳಲ್ಲಿ ಬಿಚ್ಚಿದ್ದನ್ನು ಮತ್ತೆ ಕೂಡಿಸಲು ಬರುತ್ತಿರಲಿಲ್ಲ, ಸ್ಕ್ರೂಗಳು ಉಳಿದುಬಿಡುತ್ತಿದ್ದವು. ಜೊತೆಗಿದ್ದ ಗಂಡಸರೂ ನನ್ನ ಹಾಗೇ ಕೆಲಸ ಕಳೆದುಕೊಂಡು ಬಂದವರು. ಅವರಲ್ಲೊಬ್ಬರಾದ ಸೆಣಬಿನ ಮಿಲ್ಲಿನ ಸತ್ಯನಾರಾಯಣಗಾರು, ಈ ವಯಸ್ಸಿನಲ್ಲಿ ಪಾಠ ಒಪ್ಪಿಸುವ ಗತಿ ಬಂತಲ್ಲ ಎಂದು ದಿನವೂ ಗೊಣಗಿ, ದಿನವೂ ಎಲ್ಲರಿಗಿಂತ ಮೊದಲು ಬಂದು ಕೂರುತ್ತಿದ್ದರು. ಹಾಸ್ಟೆಲಿನಿಂದ ಮನೆಗೆ ಫೋನ್ ಮಾಡಿದರೆ ಕಾವ್ಯ ಕನ್ನಡದಲ್ಲಿ ಮಾತಾಡುತ್ತಿದ್ದಳು, ಅದೂ ದಾವಣಗೆರೆಯ ಕನ್ನಡ. "ಊಟ ಆತೇನವ್ವ?" ಎಂದು ನನ್ನನ್ನೇ ಕೇಳುತ್ತಿದ್ದಳು. ಫೋನ್ ಇಟ್ಟ ಮೇಲೆ ಒಬ್ಬಳೇ ಅತ್ತುಬಿಡುತ್ತಿದ್ದೆ, ಬೆಳಿಗ್ಗೆ ಮತ್ತೆ ಶೆಡ್ಡು.

ಸಿಂಹಾಚಲಂನ ಆಪರೇಷನ್ ಆದ ದಿನ ಅಪ್ಪಲನರ್ಸಮ್ಮ ಶೆಡ್ಡಿನ ಆಫೀಸಿಗೆ ಫೋನ್ ಮಾಡಿದಳು. ಎಣ್ಣೆಗೈಯಲ್ಲೇ ಓಡಿ ಹೋಗಿ ತೆಗೆದೆ. ಕಣ್ಣು ಬಿಟ್ಟ ವದಿನಾ, ಕಾಫಿ ಕೇಳಿದ ಎಂದಳು. ಭತ್ಯೆಯ ತಿಂಗಳುಗಳು ಮುಗಿಯುವ ಮೊದಲೇ ಅವಳು ಸಿಗಡಿ ಶುಚಿ ಮಾಡುವ ಶೆಡ್ಡಿಗೆ ಸೇರಿದಳು. ಸೇರಿದ ದಿನವೇ ವಿಮೆ ಕಚೇರಿಗೆ ಹೋಗಿ, ನನಗೆ ಕೆಲಸ ಸಿಕ್ಕಿತು, ಇನ್ನು ಭತ್ಯೆ ಬೇಡ ಎಂದು ಬರೆದುಕೊಟ್ಟು, ಆ ಗುಮಾಸ್ತರಿಗೆ ಲಡ್ಡು ಕೊಟ್ಟು ಬಂದಳಂತೆ.

ನನಗೆ ಅಷ್ಟು ಬೇಗ ಆಗಲಿಲ್ಲ. ಮಳೆ ಶುರುವಾಗುವಾಗ ವಾಪಸು ಬಂದು ಗಾರ್ಮೆಂಟ್ ಫ್ಯಾಕ್ಟರಿಗೆ ಪರೀಕ್ಷೆಗೆ ಹೋದೆ. ಹೊಲಿಗೆ ತಪ್ಪುವ ಒಂದು ಯಂತ್ರ ಕೊಟ್ಟರು. ಸರಿ ಮಾಡಿದೆ ಎಂದುಕೊಂಡೆ. ನಾಲ್ಕು ಅಂಗುಲ ಹೊಲಿದ ಮೇಲೆ ದಾರ ಮತ್ತೆ ಕಡಿಯಿತು. ಮೇಲ್ವಿಚಾರಕರು ನಕ್ಕರು. ಮೆಕ್ಯಾನಿಕ್ ಆಗಿ ಆಗೋದಿಲ್ಲಮ್ಮಾ, ಹೊಲಿಯೋಕೆ ಬನ್ನಿ, ಆಮೇಲೆ ನೋಡೋಣ ಎಂದರು. ನಾನು ಒಪ್ಪಿಕೊಂಡೆ. ಮೆಕ್ಯಾನಿಕ್ ಆದದ್ದು ಅದಾಗಿ ಎರಡನೆಯ ದೀಪಾವಳಿಗೆ. ಇವತ್ತಿಗೂ ಅದೇ ಕೆಲಸ. ಆದರೆ ಪರೀಕ್ಷೆಯ ದಿನ ಸಂಜೆ ಮನೆಗೆ ಬಂದು, ಸೋತೆನೋ ಗೆದ್ದೆನೋ ತಿಳಿಯದೆ, ಕೆಲಸ ಸಿಕ್ಕಿತು ಎಂದಷ್ಟೇ ಹೇಳಿದೆ. ನಮ್ಮನೆಯವರು ಅಂಗಡಿಗೆ ಹೋಗಿ ಮೈಸೂರುಪಾಕು ತಂದರು. ಅಪ್ಪ ತಿನ್ನುತ್ತ, ಎಷ್ಟೊತ್ತಿಗೆ ಪಾಳಿ ಎಂದು ಕೇಳಿದ. ಬೆಳಿಗ್ಗೆ ಆರಕ್ಕೆ, ಕಂಪನಿ ಬಸ್ಸು ಐದಕ್ಕೇ ಬರುತ್ತದೆ ಎಂದೆ.

ಎರಡು ದಿನ ಬಿಟ್ಟು ಅಪ್ಪ ಊರಿಗೆ ಹೊರಟ. ಸ್ಟೇಷನ್ನಿನಲ್ಲಿ ಕಾವ್ಯ ಅವನ ಕೈಚೀಲ ಬಿಡದೆ ಅತ್ತಳು. ನಾನು ಕೆಲಸಕ್ಕೆ ಸೇರಬೇಕಾದ ದಿನ ಬೆಳಗಿನ ನಾಲ್ಕು ಗಂಟೆಗೆ ಫೋನ್ ಒಂದು ಸಲ ಮೊರೆದು ನಿಂತಿತು. ದಾವಣಗೆರೆಯ ನಂಬರು. ಗಾಬರಿಯಿಂದ ತಿರುಗಿ ಮಾಡಿದರೆ ಅಪ್ಪ ತೆಗೆದು, "ಎದ್ದೇನವ್ವ? ಸುಮ್ನೆ ಮಾಡಿದೆ. ರೊಕ್ಕ ಹಾಳು ಮಾಡಬ್ಯಾಡ, ಇಡು," ಎಂದ. ಮರುದಿನವೂ ನಾಲ್ಕಕ್ಕೆ ಒಂದು ಮಿಸ್ ಕಾಲ್. ಅದರ ಮರುದಿನವೂ.

ಮುಂದಿನ ತಿಂಗಳು ನನ್ನನ್ನು ಎರಡನೇ ಪಾಳಿಗೆ ಹಾಕಿದರು, ಮಧ್ಯಾಹ್ನ ಹೋದರೆ ಸಾಕಿತ್ತು. ಅಪ್ಪನಿಗೆ ನಾನದನ್ನು ಹೇಳಲಿಲ್ಲ. ಬೆಳಗಿನ ನಾಲ್ಕಕ್ಕೆ ಫೋನ್ ಮೊರೆಯುತ್ತಿತ್ತು. ನಾನು ಎದ್ದು ಕೂತು, ದೀಪ ಹಾಕಿ, ಎದ್ದೆನೆಂದು ಅವನಿಗೊಂದು ಮಿಸ್ ಕಾಲ್ ಕೊಟ್ಟು ಮತ್ತೆ ಮಲಗುತ್ತಿದ್ದೆ.